ಬಾಂಬು ಬಿದ್ದಾಗ ಅವರ ವಯಸ್ಸೆಷ್ಟು?

ಜಪಾನಿನ ಸಿನಿಮಾ ಆಗಲಿ, ಅನಿಮೆ ಆಗಲಿ, ನೋಡಿ ಮುಗಿಸಿದ ಮೇಲೆ ನಾನೊಂದು ಸಣ್ಣ ಲೆಕ್ಕ ಹಾಕ್ತೀನಿ. ಅದನ್ನ ಮಾಡಿದವರು ಹುಟ್ಟಿದ ವರ್ಷ ಹುಡುಕೋದು, 1945ರಿಂದ ಕಳೆಯೋದು. ಎರಡನೇ ಮಹಾಯುದ್ಧ ಮುಗಿದ ವರ್ಷ ಅದು. ಹಿರೋಶಿಮಾ, ನಾಗಾಸಾಕಿ ಸುಟ್ಟುಹೋದ ವರ್ಷ. ಆಗ ಈ ಮನುಷ್ಯನಿಗೆ ಎಷ್ಟು ವಯಸ್ಸಾಗಿತ್ತು? ಇಸಾವೊ ತಕಹಾತಾ, ಒಂಬತ್ತು. ಹಯಾವೊ ಮಿಯಾಝಾಕಿ, ನಾಲ್ಕು. 'ಬೇರ್‌ಫೂಟ್ ಗೆನ್' ಬರೆದ ಕೇಜಿ ನಕಾಝಾವಾ, ಆರು. 'ಗಾಡ್ಜಿಲ್ಲಾ' ನಿರ್ದೇಶಕ ಇಶಿರೊ ಹೋಂಡಾ, ಮೂವತ್ತನಾಲ್ಕು. ಈ ಅಂಕಿಗಳನ್ನ ಮುಂದಿಟ್ಟುಕೊಂಡು ನೋಡಿದರೆ ಜಪಾನಿನ ಸಿನಿಮಾ ಚರಿತ್ರೆ ಬೇರೆ ಥರ ಕಾಣಿಸೋಕೆ ಶುರುವಾಗುತ್ತೆ.

ಅನಿಮೆ ಅಂದ್ರೆ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ನರುಟೊ, ಒನ್ ಪೀಸ್, ಅಟ್ಯಾಕ್ ಆನ್ ಟೈಟನ್. ನಾನೂ ಆ ಬಾಗಿಲಿನಿಂದಲೇ ಒಳಗೆ ಬಂದವನು. ಆದರೆ ನೋಡ್ತಾ ನೋಡ್ತಾ ಒಂದು ವಿಷಯ ಕಾಡಿತು. ಈ ದೇಶದ ಕತೆಗಳಲ್ಲಿ ಊರುಗಳು ಯಾಕೆ ಇಷ್ಟು ಸಲ ಸರ್ವನಾಶ ಆಗುತ್ತವೆ? 1988ರ 'ಅಕಿರಾ' ಶುರುವಾಗೋದೇ ಟೋಕಿಯೊ ನಗರವನ್ನ ಬಿಳಿ ಬೆಳಕೊಂದು ನುಂಗುವುದರಿಂದ. ಯಾಕೆ ಇಷ್ಟೊಂದು ಕತೆಗಳಲ್ಲಿ ಅಪ್ಪ-ಅಮ್ಮ ಇರೋದಿಲ್ಲ, ಮಕ್ಕಳೇ ಲೋಕ ಉಳಿಸಬೇಕಾಗುತ್ತೆ? ಇದಕ್ಕೆಲ್ಲ ಒಂದೇ ಉತ್ತರ ಇದೆ ಅಂತ ನಾನು ಹೇಳಲ್ಲ. ಆದರೆ ಅನಿಮೆಯ ಅಡಿಪಾಯ ಹಾಕಿದವರಲ್ಲಿ ಬಹಳ ಜನ ಆಗ ಮಕ್ಕಳಾಗಿದ್ದರು ಅನ್ನೋದನ್ನ ಮರೆತು ಉತ್ತರ ಹುಡುಕೋಕೂ ಆಗಲ್ಲ.

ತಕಹಾತಾ ಅವರಿಂದಲೇ ಶುರು ಮಾಡೋಣ. 1945ರ ಜೂನ್ 29ರ ನಸುಕಿನಲ್ಲಿ ಅಮೆರಿಕದ ಬಿ-29 ವಿಮಾನಗಳು ಒಕಾಯಾಮಾ ಊರಿನ ಮೇಲೆ ಬೆಂಕಿಬಾಂಬು ಸುರಿದವು. 1,700ಕ್ಕೂ ಹೆಚ್ಚು ಜನ ಸತ್ತರು. ಒಂಬತ್ತು ವರ್ಷದ ತಕಹಾತಾ ರಾತ್ರಿ ಮಲಗಿದ್ದ ಬಟ್ಟೆಯಲ್ಲೇ, ಬರಿಗಾಲಿನಲ್ಲಿ, ಅಕ್ಕನ ಜೊತೆ ಓಡಿದ. ಅಪ್ಪ-ಅಮ್ಮ ಎಲ್ಲಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಹೀಗೆ ಓಡಿದ ಹುಡುಗ ದೊಡ್ಡವನಾಗಿ 1988ರಲ್ಲಿ ಮಾಡಿದ ಸಿನಿಮಾ 'ಗ್ರೇವ್ ಆಫ್ ದ ಫೈರ್‌ಫ್ಲೈಸ್', ಮಿಣುಕುಹುಳುಗಳ ಗೋರಿ. ಕೋಬೆ ನಗರದ ಅಣ್ಣ-ತಂಗಿಯ ಕತೆ. ಅಣ್ಣ ಸೇತಾಗೆ ಹದಿನಾಲ್ಕು, ತಂಗಿ ಸೆತ್ಸುಕೊಗೆ ನಾಲ್ಕು. ಅಮ್ಮ ಬಾಂಬಿನಲ್ಲಿ ಸುಟ್ಟುಹೋಗ್ತಾಳೆ, ಅಪ್ಪ ನೌಕಾಪಡೆಯಲ್ಲಿ, ಎಲ್ಲೋ ಸಮುದ್ರದಲ್ಲಿ.

ಈ ಸಿನಿಮಾ ನೋಡಿ ಅತ್ತವರೆಲ್ಲ ಸಾಮಾನ್ಯವಾಗಿ ಹಣ್ಣಿನ ಪೆಪ್ಪರಮಿಂಟಿನ ತಗಡಿನ ಡಬ್ಬಿಯ ಬಗ್ಗೆ ಮಾತಾಡ್ತಾರೆ. ನನ್ನ ಹೊಟ್ಟೆ ಹಿಂಡಿದ್ದು ಗಂಜಿ ಬಡಿಸುವ ದೃಶ್ಯ. ಮಕ್ಕಳು ದೂರದ ಸಂಬಂಧದ ಚಿಕ್ಕಮ್ಮನ ಮನೆ ಸೇರಿದ್ದಾರೆ. ಸತ್ತ ತಾಯಿಯ ಕಿಮೋನೊಗಳನ್ನ ಆಕೆ ಅಕ್ಕಿಗೆ ಬದಲಾಯಿಸಿಕೊಂಡಿದ್ದಾಳೆ. ಆದರೂ ಬಡಿಸುವಾಗ, ಪಾತ್ರೆಯ ತಳದ ಅಗುಳು ಕೆಲಸಕ್ಕೆ ಹೋಗುವ ಮನೆಯವರಿಗೆ, ಮೇಲಿನ ತಿಳಿ ಈ ಇಬ್ಬರಿಗೆ. ಕೂಡುಕುಟುಂಬದ ಅಡುಗೆಮನೆಯಲ್ಲಿ ಬೆಳೆದವರಿಗೆ ಸೌಟು ಎಷ್ಟು ಆಳಕ್ಕೆ ಇಳಿಯುತ್ತೆ ಅನ್ನೋದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಪಂಕ್ತಿಭೇದ ಅನ್ನೋ ಪದ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಮಗುವಿಗೆ ಯುದ್ಧ ಅಂದ್ರೆ ಇದೇ. ಯಾವ ಸೇನೆ ಎಲ್ಲಿ ಗೆದ್ದಿತು ಅನ್ನೋದು ಅದಕ್ಕೆ ಗೊತ್ತಾಗಲ್ಲ. ತನ್ನ ಬಟ್ಟಲಿಗೆ ಏನು ಬಿತ್ತು ಅನ್ನೋದು ಗೊತ್ತಾಗುತ್ತೆ.

ಈ ಕತೆಯ ಮೂಲ ಅಕಿಯುಕಿ ನೊಸಾಕಾ 1967ರಲ್ಲಿ ಬರೆದದ್ದು. ಯುದ್ಧ ಮುಗಿದಾಗ ಅವರಿಗೆ ಹದಿನಾಲ್ಕು, ಕತೆಯ ಸೇತಾನಷ್ಟೇ. ಕೋಬೆಯ ದಾಳಿಯಲ್ಲಿ ಸಾಕುತಂದೆ ಹೋದರು. ಎರಡು ವರ್ಷವೂ ತುಂಬದ ಸಾಕುತಂಗಿ ಹೊಟ್ಟೆಗಿಲ್ಲದೆ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಸತ್ತಳು. ಕತೆಯ ಸೇತಾ ತನ್ನದನ್ನೂ ತಂಗಿಗೆ ಕೊಡ್ತಾನೆ. ತಾನು ಹಾಗಿರಲಿಲ್ಲ, ತಂಗಿಯ ಪಾಲನ್ನೂ ತಾನೇ ತಿಂದಿದ್ದೆ ಅಂತ ನೊಸಾಕಾ ಮುಂದೆ ಬರೆದುಕೊಂಡರು. ಆ ಕತೆ ಅವರ ಪ್ರಾಯಶ್ಚಿತ್ತ. ಇದು ತಿಳಿದ ಮೇಲೆ ಸಿನಿಮಾವನ್ನ ಎರಡನೇ ಸಲ ನೋಡೋಕೆ ಇನ್ನೂ ಕಷ್ಟ.

1988ರ ಏಪ್ರಿಲ್ 16ರಂದು ಈ ಸಿನಿಮಾ ಥಿಯೇಟರಿಗೆ ಬಂದದ್ದು ಮಿಯಾಝಾಕಿಯ 'ಮೈ ನೇಬರ್ ಟೊಟೊರೊ' ಜೊತೆ, ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ಅಂತ. ಒಂದರಲ್ಲಿ ಹಳ್ಳಿ, ಮಳೆ, ಕಾಡಿನ ದೈವ. ಇನ್ನೊಂದರಲ್ಲಿ ಹಸಿವಿನಿಂದ ಸಾಯುವ ಮಗು. ಮಕ್ಕಳನ್ನ ಕರೆದುಕೊಂಡು ಹೋದ ತಾಯ್ತಂದೆಯರ ಪಾಡು ಊಹಿಸಿ.

ಮಿಯಾಝಾಕಿಯ ನೆನಪು ಇನ್ನೊಂದು ಬಗೆಯದು. ಅವರ ಮನೆತನದ ಕಾರ್ಖಾನೆ ಯುದ್ಧವಿಮಾನಗಳಿಗೆ ಬಿಡಿಭಾಗ ಮಾಡ್ತಿತ್ತು, ಜಪಾನಿನ ಹೆಸರಾಂತ 'ಝೀರೊ' ವಿಮಾನಕ್ಕೂ ಸೇರಿ. ಯುದ್ಧದ ಕಾಲದಲ್ಲೂ ಮನೆಯಲ್ಲಿ ಅನುಕೂಲ ಇತ್ತು. 1945ರ ಜುಲೈನಲ್ಲಿ ಉತ್ಸುನೊಮಿಯಾ ಊರು ಹೊತ್ತಿ ಉರಿದಾಗ ಅವರ ಸಂಸಾರ ಲಾರಿಯಲ್ಲಿ ಪಾರಾಯಿತು. ದಾರಿಯಲ್ಲಿ ಮಗು ಎತ್ತಿಕೊಂಡವರೊಬ್ಬರು ನಮ್ಮನ್ನೂ ಹತ್ತಿಸಿಕೊಳ್ಳಿ ಅಂತ ಬೇಡಿದರು. ಲಾರಿ ಮುಂದೆ ಹೋಯಿತು. ನಾಲ್ಕು ವರ್ಷದ ಹುಡುಗ ಅದನ್ನ ಮರೆಯಲಿಲ್ಲ. ಮುಂದೆ ಅವರ ಸಿನಿಮಾಗಳಲ್ಲಿ ಮಕ್ಕಳು ತಿರುಗಿ ನಿಂತು ಇನ್ನೊಬ್ಬರ ಕೈ ಹಿಡಿಯೋದನ್ನ ನೋಡಿದಾಗೆಲ್ಲ ನನಗೆ ಆ ಲಾರಿ ನೆನಪಾಗುತ್ತೆ.

2013ರಲ್ಲಿ ಅವರು 'ದ ವಿಂಡ್ ರೈಸಸ್' ಮಾಡಿದರು. ಝೀರೊ ವಿಮಾನದ ಇಂಜಿನಿಯರ್ ಜಿರೊ ಹೊರಿಕೋಶಿಯ ಬದುಕನ್ನ ಆಧರಿಸಿ ಕಟ್ಟಿದ ಕತೆ. ಇಂಜಿನಿಯರ್ ಆದವರು ನೋಡಲೇಬೇಕಾದ ಸಿನಿಮಾ. ಊಟ ಮಾಡುವಾಗ ಮೀನಿನ ಮುಳ್ಳಿನ ಬಾಗು ನೋಡಿ ರೆಕ್ಕೆಯ ಆಕಾರ ಯೋಚಿಸೋ ಹುಡುಗ ಅವನು. ಹೊಸ ವಿಮಾನವನ್ನ ಕಾರ್ಖಾನೆಯಿಂದ ಹಾರುವ ಮೈದಾನಕ್ಕೆ ಎತ್ತುಗಳಿಂದ ಎಳೆಸಿಕೊಂಡು ಹೋಗ್ತಾರೆ. ಇದು ಕಲ್ಪನೆ ಅಲ್ಲ, ನಿಜವಾಗಿ ನಡೆದದ್ದು. ಎತ್ತಿನ ಬೆನ್ನ ಹಿಂದೆ ಆ ಕಾಲದ ಅತ್ಯಾಧುನಿಕ ಯಂತ್ರ! ಹಳ್ಳಿಯಿಂದ ಬಂದು ಸಾಫ್ಟ್‌ವೇರ್ ಬರೆಯೋ ನನಗೆ ಆ ದೃಶ್ಯ ಬೇರೆಯವರದ್ದು ಅನ್ನಿಸಲೇ ಇಲ್ಲ. ಚೆಂದದ್ದೊಂದನ್ನ ಕಟ್ಟಬೇಕು ಅನ್ನೋ ಆಸೆ, ಕಟ್ಟಿದ್ದು ಯಾರ ಕೈಗೆ ಹೋಗುತ್ತೆ ಅಂತ ಕೇಳದೆ ಇರೋ ಜಾಣತನ, ಎರಡೂ ನಮ್ಮ ಕ್ಯೂಬಿಕಲ್ಲುಗಳಲ್ಲೂ ಇವೆ.

ಅಭಿಮಾನಿಯ ಖುಷಿಗೆ ಇಲ್ಲಿಂದ ಮುಂದೆ ಸ್ವಲ್ಪ ತೊಡಕು.

ಅದೇ ಝೀರೊ ವಿಮಾನಗಳು 1942ರ ಏಪ್ರಿಲ್ 5ರಂದು ಕೊಲಂಬೊ ಮೇಲೆ ಬಂದವು. ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನೀ ಬಾಂಬು ಬಿದ್ದವು. ಆ ಮಾರ್ಚಿನಲ್ಲೇ ಜಪಾನೀ ಸೇನೆ ಅಂಡಮಾನ್ ಹಿಡಿದಿತ್ತು. ಗೂಢಚಾರರು ಅನ್ನೋ ಆರೋಪ ಹೊರಿಸಿ 1944ರ ಜನವರಿಯಲ್ಲಿ ಅಲ್ಲಿನ ಹಂಫ್ರೀಗಂಜ್‌ನಲ್ಲಿ 44 ಭಾರತೀಯರನ್ನ ಗುಂಡಿಟ್ಟು ಕೊಂದರು. ಮಲಯಾದ ರಬ್ಬರ್ ತೋಟಗಳಲ್ಲಿದ್ದ ತಮಿಳು ಕೂಲಿಗಳನ್ನ ಸಯಾಮ್-ಬರ್ಮಾ ರೈಲುಹಾದಿ ಹಾಕಿಸೋಕೆ ಒಯ್ದರು. ಅವರಲ್ಲಿ ಸಾವಿರಾರು ಜನ ತಿರುಗಿ ಬರಲಿಲ್ಲ. ಬರ್ಮಾ ಜಪಾನಿನ ವಶವಾದಾಗ ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತಿತು. 1943ರ ಬಂಗಾಳದ ಬರದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಅದರಲ್ಲಿ ಬ್ರಿಟಿಷ್ ಸರ್ಕಾರದ ಹೊಣೆಯೇ ದೊಡ್ಡದು, ನಿಜ. ಆದರೆ ಕಾರಣಗಳ ಪಟ್ಟಿಯಲ್ಲಿ ಬರ್ಮಾದ ಅಕ್ಕಿಯೂ ಇದೆ. ಕಲ್ಕತ್ತಾದ ಬೀದಿಯಲ್ಲಿ ಗಂಜಿಯ ತಿಳಿಗೆ ಕೈಯೊಡ್ಡಿದ ಮಕ್ಕಳೂ ಸೆತ್ಸುಕೊ ವಯಸ್ಸಿನವರೇ. ಚೀನಾ, ಕೊರಿಯಾಗಳ ಲೆಕ್ಕ ತೆಗೆದರೆ ಪುಟ ಸಾಲದು.

ನಾನು ಇಷ್ಟಪಟ್ಟ ಅನಿಮೆಗಳಲ್ಲಿ ಈ ಜನ ಇಲ್ಲ. ಸೇತಾನ ಅಪ್ಪನ ಯುದ್ಧನೌಕೆ ಫೋಟೊದಲ್ಲಿ, ಹಾಡಿನಲ್ಲಿ, ಮಗನ ಹೆಮ್ಮೆಯಲ್ಲಿ ಇದೆ. ಅದು ಯಾವ ದೇಶದ ತೀರಕ್ಕೆ ಹೋಗಿ ಏನು ಮಾಡ್ತಿತ್ತು ಅಂತ ಸಿನಿಮಾ ಕೇಳಲ್ಲ. ನಾಲ್ಕು ವರ್ಷದ, ಒಂಬತ್ತು ವರ್ಷದ ಮಗು ಇದನ್ನೆಲ್ಲ ಹೇಗೆ ಕೇಳೀತು? ಬೆಂಕಿ ಮೇಲಿನಿಂದ ಬಿತ್ತು, ಹೊಟ್ಟೆ ಹಸಿಯಿತು, ಅಷ್ಟೇ ಅದರ ಚರಿತ್ರೆ. ಈ ಸಿನಿಮಾಗಳ ಪ್ರಾಮಾಣಿಕತೆಯೂ ಮಿತಿಯೂ ಒಂದೇ ಕಡೆಯಿಂದ ಬಂದಿವೆ. ತಕಹಾತಾ ಅವರಿಗೇ ಇದು ಗೊತ್ತಿತ್ತು ಅನ್ಸುತ್ತೆ. ಇದನ್ನ ಯುದ್ಧವಿರೋಧಿ ಸಿನಿಮಾ ಅಂತ ಕರೆಯೋದನ್ನ ಅವರು ಒಪ್ಪುತ್ತಿರಲಿಲ್ಲ. ನಾವು ಪಟ್ಟ ಕಷ್ಟ ತೋರಿಸಿದ ಮಾತ್ರಕ್ಕೆ ಮುಂದಿನ ಯುದ್ಧ ನಿಲ್ಲಲ್ಲ ಅನ್ನೋದು ಅವರ ನಿಲುವು.

ಹಾಗಾದ್ರೆ ಆಗ ದೊಡ್ಡವರಾಗಿದ್ದವರು ಏನು ಹೇಳಿದರು? ಹೋಂಡಾ ಚೀನಾದಲ್ಲಿ ಸೈನಿಕನಾಗಿದ್ದು, ಊರಿಗೆ ಮರಳುವಾಗ ಹಿರೋಶಿಮಾದ ಬೂದಿ ನೋಡಿಕೊಂಡು ಬಂದವರು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬು ಪರೀಕ್ಷೆ ಮಾಡಿತು. ಅದರ ವಿಷಬೂದಿ 23 ಜನರಿದ್ದ ಜಪಾನೀ ಮೀನುಗಾರಿಕೆ ದೋಣಿಯೊಂದರ ಮೇಲೆ ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ಗಾಡ್ಜಿಲ್ಲಾ ಸಮುದ್ರದಿಂದ ಎದ್ದು ಬಂತು. ನಾವು ಟೀವಿಯಲ್ಲಿ ನೋಡಿ ನಕ್ಕ ರಬ್ಬರ್ ವೇಷದ ಪ್ರಾಣಿ ಅಸಲಿಗೆ ಒಂದು ಶೋಕಗೀತೆ.

ಮಸಾಕಿ ಕೊಬಯಾಶಿಗೆ ಆಗ ಇಪ್ಪತ್ತೊಂಬತ್ತು. ಮಂಚೂರಿಯಾಕ್ಕೆ ಕಳಿಸಲ್ಪಟ್ಟ ಸೈನಿಕ, ಬಡ್ತಿ ಕೊಟ್ಟರೂ ಬೇಡ ಅಂದವರು. 1959ರಿಂದ 1961ರವರೆಗೆ ಅವರು ಮಾಡಿದ 'ದ ಹ್ಯೂಮನ್ ಕಂಡಿಷನ್' ಒಂಬತ್ತು ಗಂಟೆಗೂ ಮೀರಿದ್ದು. ನಾಯಕ ಮಂಚೂರಿಯಾದ ಗಣಿಯೊಂದರಲ್ಲಿ ಜಪಾನೀ ಅಧಿಕಾರಿ. ಬೇಲಿಗೆ ವಿದ್ಯುತ್ ಹರಿಸಿ, ಅದರೊಳಗೆ ಚೀನೀ ಕೈದಿಗಳನ್ನ ಕೂಡಿಹಾಕಿ ದುಡಿಸಿಕೊಳ್ತಾರೆ. ಅವರಿಗೆ ಒಳ್ಳೆಯದು ಮಾಡೋಕೆ ಹೊರಟ ನಾಯಕನೂ ಆ ಯಂತ್ರದ ಒಂದು ಹಲ್ಲು. ಮೂರು ವಾರಾಂತ್ಯ ಎತ್ತಿಟ್ಟು ನೋಡಿ. ಜಪಾನಿನ ಸಿನಿಮಾ ತನ್ನ ದೇಶದ ತಪ್ಪು ನೋಡಲಿಲ್ಲ ಅಂತ ಯಾರಾದ್ರೂ ಅಂದ್ರೆ ಉತ್ತರ ಇಲ್ಲಿದೆ.

ಶಿಗೆರು ಮಿಝುಕಿಗೆ ಇಪ್ಪತ್ತಮೂರು. ನ್ಯೂಗಿನಿ ಕಡೆಯ ರಬೌಲ್‌ನಲ್ಲಿ ಎಡಗೈ ಕಳೆದುಕೊಂಡರು. ಉಳಿದ ಬಲಗೈಯಲ್ಲಿ ಚಿತ್ರ ಬರೆದು 'ಗೆಗೆಗೆ ನೊ ಕಿತಾರೊ' ಅನ್ನೋ ದೆವ್ವದ ಹುಡುಗನನ್ನ ಮನೆಮಾತು ಮಾಡಿದರು. 1973ರಲ್ಲಿ, ಸಾಯಲೇಬೇಕು ಅಂತ ಸ್ವಂತ ಅಧಿಕಾರಿಗಳೇ ನೂಕಿದ ಸೈನಿಕರ ಕತೆಯನ್ನ ಮಾಂಗಾ ಮಾಡಿದರು. 2010ರಲ್ಲಿ ಎನ್‌ಎಚ್‌ಕೆ ಬೆಳಗಿನ ಧಾರಾವಾಹಿ 'ಗೆಗೆಗೆ ನೊ ನ್ಯೋಬೊ' ಅವರ ಹೆಂಡತಿಯ ಕಣ್ಣಿನಿಂದ ಆ ಮನೆಯ ಬಡತನ ತೋರಿಸಿತು. ಒಂಟಿಗೈಯವನು ಹಾಳೆ ಜಾರದಂತೆ ಮೈಯಿಂದ ಅದುಮಿ ಹಿಡಿದು ಚಿತ್ರ ಬರೆಯೋದನ್ನ ನೋಡ್ತಾ ಕೂತರೆ ಯುದ್ಧದ ಪಾಠ ಬೇರೆ ಬೇಕಿಲ್ಲ.

ಮಕ್ಕಳ ಸಾಲಿನಲ್ಲೂ ಒಬ್ಬರು ಅಪವಾದ, ನಕಾಝಾವಾ. ಹಿರೋಶಿಮಾದಲ್ಲಿ ಶಾಲೆಯ ಗೋಡೆ ಮರೆಯಾಗಿದ್ದರಿಂದ ಬದುಕಿದ ಹುಡುಗ. ಅಪ್ಪ, ಅಕ್ಕ, ತಮ್ಮ ಅಂದೇ ಹೋದರು. 1973ರಿಂದ ಬಂದ 'ಬೇರ್‌ಫೂಟ್ ಗೆನ್' ಬಾಂಬನ್ನ ಬಯ್ಯುವಷ್ಟೇ ಜೋರಾಗಿ ಜಪಾನಿನ ಯುದ್ಧಕೋರರನ್ನೂ ಬಯ್ಯುತ್ತೆ. ಪಕ್ಕದ ಮನೆಯ ಕೊರಿಯನ್ ಪಾಕ್ ಅವರ ಸಂಕಟ ಅದರಲ್ಲಿದೆ. ಯಾಕೆ ಹೀಗೆ? ಮನೆಯಲ್ಲಿ ಅಪ್ಪ ಯುದ್ಧ ತಪ್ಪು ಅಂತ ಬಾಯಿಬಿಟ್ಟು ಹೇಳಿ ಜೈಲಿಗೆ ಹೋಗಿ ಬಂದಿದ್ದರು. ದೊಡ್ಡವರು ಹೇಳಿದ್ದರೆ ಆರು ವರ್ಷದ ಮಗುವಿಗೂ ಗೊತ್ತಿರುತ್ತೆ. 2012ರ ಕೊನೆಗೆ ಮತ್ಸುಎ ನಗರದ ಶಿಕ್ಷಣ ಮಂಡಳಿ ಈ ಪುಸ್ತಕ ಶಾಲೆಯ ಮಕ್ಕಳ ಕೈಗೆ ಸುಲಭವಾಗಿ ಸಿಗದಂತೆ ಮಾಡಿತು, ಗಲಾಟೆಯಾಗಿ 2013ರಲ್ಲಿ ಹಿಂತೆಗೆದುಕೊಂಡಿತು. 2023ರಲ್ಲಿ ಹಿರೋಶಿಮಾ ನಗರವೇ ತನ್ನ ಶಾಂತಿ ಪಾಠದಿಂದ ಇದನ್ನ ಕೈಬಿಟ್ಟಿತು. ಅಂದ್ರೆ ಜಗಳ ಇನ್ನೂ ಮುಗಿದಿಲ್ಲ. ಮಕ್ಕಳಿಗೆ ಎಷ್ಟು ಹೇಳಬೇಕು ಅನ್ನೋದೇ ಆ ಜಗಳ.

ಈಗ ನನ್ನ ಲೆಕ್ಕದಲ್ಲಿ ಉತ್ತರ ಮೈನಸ್ ಬರುವವರ ಕಾಲ. ಸುನಾವೊ ಕತಾಬುಚಿ ಹುಟ್ಟಿದ್ದು 1960ರಲ್ಲಿ. ಮೂಲ ಮಾಂಗಾ ಬರೆದ ಹಿರೋಶಿಮಾದ ಫುಮಿಯೊ ಕೋನೊ 1968ರಲ್ಲಿ. ಇಬ್ಬರೂ ಬಾಂಬು ಕಂಡವರಲ್ಲ. ಮೂರು ಸಾವಿರಕ್ಕೂ ಹೆಚ್ಚು ಜನ ಕೈಯಿಂದ ಹಣ ಹಾಕಿದ ಮೇಲೆ 2016ರಲ್ಲಿ ತೆರೆಗೆ ಬಂದ 'ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್' ಅವರದು. ಕುರೆ ಅನ್ನೋ ನೌಕಾನೆಲೆಯ ಊರಿಗೆ ಸೊಸೆಯಾಗಿ ಬಂದ ಸುಝು, ಪಡಿತರ ಕಡಿಮೆಯಾದಾಗ ಬೇಲಿಬದಿಯ ಸೊಪ್ಪು ಕಿತ್ತು ತಂದು ಅಡುಗೆ ಮಾಡ್ತಾಳೆ. ಅಕ್ಕಿಯನ್ನ ನೀರಿನಲ್ಲಿ ಉಬ್ಬಿಸಿ ಹೆಚ್ಚಾಗಿ ಕಾಣಿಸೋ ಉಪಾಯ ಕಲೀತಾಳೆ. ಬಾಂಬಿನಲ್ಲಿ ನಾದಿನಿಯ ಮಗಳನ್ನೂ, ಚಿತ್ರ ಬರೆಯೋ ತನ್ನ ಬಲಗೈಯನ್ನೂ ಕಳೆದುಕೊಳ್ತಾಳೆ. ಸೋತೆವು ಅಂತ ರೇಡಿಯೊದಲ್ಲಿ ಚಕ್ರವರ್ತಿಯ ದನಿ ಬಂದಾಗ ಸಿಟ್ಟಿನಿಂದ ಹೊರಗೆ ಓಡ್ತಾಳೆ. ಆಗ ಊರಿನ ಮನೆಗಳ ನಡುವೆ ಒಂದು ಕೊರಿಯಾ ಬಾವುಟ ಏರುತ್ತೆ.

ಆ ಬಾವುಟ ಪರದೆ ಮೇಲೆ ಇರೋದು ಕೆಲವೇ ಸೆಕೆಂಡು. ಆದರೆ ಸುಝುಗೆ ಆಗಲೇ ಹೊಳೆಯೋದು, ತನ್ನ ಮೈ ಸಮುದ್ರದಾಚೆಯಿಂದ ಬಂದ ಅಕ್ಕಿ, ಸೋಯಾದಿಂದ ಬೆಳೆದದ್ದು ಅಂತ. ಚರಿತ್ರೆಯ ಪ್ರಕಾರ ಇದು ಅಕ್ಷರಶಃ ನಿಜ. ಜಪಾನ್ ಆಳುತ್ತಿದ್ದ ಕೊರಿಯಾ, ತೈವಾನಿನ ಗದ್ದೆಗಳ ಅಕ್ಕಿ, ಮಂಚೂರಿಯಾದ ಸೋಯಾ ಹಡಗೇರಿ ಜಪಾನಿನ ಅಡುಗೆಮನೆ ಸೇರ್ತಿದ್ದವು. ಇಡೀ ಸಿನಿಮಾದಲ್ಲಿ ಅಷ್ಟು ಜತನದಿಂದ ಅಳೆದು, ತೊಳೆದು, ಉಬ್ಬಿಸಿದ ಆ ಅಕ್ಕಿ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಕೊನೆಗೂ ಆ ಮನೆಯೊಳಗೆ ಬಂತು. ಸುಝು ನೆಲಕ್ಕೆ ಕುಸಿದು ಅಳ್ತಾಳೆ. ನನಗೆ ಅವಳ ಮೇಲಿನ ಪ್ರೀತಿ ಅದರಿಂದ ಒಂದು ಅಗುಳಿನಷ್ಟೂ ಕಡಿಮೆಯಾಗಲಿಲ್ಲ.