ಸಬ್: ಇಂಗ್ಲಿಷ್ ಪದಸಂಪತ್ತಿನಲ್ಲಿ ಒಂದು ಲ್ಯಾಟಿನ್ ಉಪಸರ್ಗದ ಇತಿಹಾಸ

ಸಬ್: ಲ್ಯಾಟಿನ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಉಪಸರ್ಗ. ಮೂಲಾರ್ಥ ‘ಕೆಳಗೆ, ಅಡಿಯಲ್ಲಿ’. ಸಬ್‌ವೇ, ಸಬ್‌ಮರೀನ್‌ಗಳಂಥ ಪದಗಳಲ್ಲಿ ಇದು ಎದ್ದು ಕಾಣುತ್ತದೆ. ಸಪೋರ್ಟ್, ಸಸ್ಪೆಂಡ್, ಸಮನ್ಸ್, ಸೋರ್ಸ್‌ಗಳಲ್ಲಿ ಗುರುತು ಸಿಗದಷ್ಟು ಕರಗಿದೆ. ಅಧಿಕಾರ ಶ್ರೇಣಿ, ನ್ಯಾಯಾಲಯ, ತೆರಿಗೆ, ವ್ಯಾಕರಣ, ವಿಜ್ಞಾನ ಇವೆಲ್ಲದರ ಪರಿಭಾಷೆಯಲ್ಲಿ ಇದಕ್ಕೆ ಸ್ಥಾನವಿದೆ. ಕನ್ನಡದ ಆಡುಮಾತಿಗೂ ಇದು ಸಬ್ಸಿಡಿ, ಸಬ್‌ರಿಜಿಸ್ಟ್ರಾರ್, ಸಬ್‌ಸ್ಟೇಷನ್‌ಗಳ ಮೂಲಕ ಬಂದು ಸೇರಿದೆ.

ಮೂಲ ಮತ್ತು ಬಳಗ

ಲ್ಯಾಟಿನ್‌ನ ‘ಸಬ್’, ಗ್ರೀಕ್‌ನ ‘ಹೈಪೊ’ ಮತ್ತು ಸಂಸ್ಕೃತದ ‘ಉಪ’ ಮೂರೂ ‘ಉಪೊ’ ಎಂಬ ಒಂದೇ ಇಂಡೋ-ಯುರೋಪಿಯನ್ ಮೂಲರೂಪದಿಂದ ಹುಟ್ಟಿದವು. ಲ್ಯಾಟಿನ್‌ನ ‘ಸೂಪರ್’, ಗ್ರೀಕ್‌ನ ‘ಹೈಪರ್’, ಸಂಸ್ಕೃತದ ‘ಉಪರಿ’ಗಳು ಇದೇ ಬಳಗದ ಇನ್ನೊಂದು ಕವಲು. ಲ್ಯಾಟಿನ್ ರೂಪದ ಆದಿಯಲ್ಲಿರುವ ಸಕಾರವು ‘ಇಂದ, ಹೊರಗೆ’ ಎಂಬರ್ಥದ ‘ಎಕ್ಸ್’ನ ಉಳಿಕೆಯೆಂದು ಅನೇಕ ಭಾಷಾವಿಜ್ಞಾನಿಗಳು ಭಾವಿಸುತ್ತಾರೆ.

ಈ ಬಂಧುತ್ವ ಉಪಸರ್ಗಕ್ಕಷ್ಟೇ ನಿಲ್ಲುವುದಿಲ್ಲ. ಅದು ಕೂಡಿಕೊಳ್ಳುವ ಧಾತುಗಳಲ್ಲೂ ಮುಂದುವರಿಯುತ್ತದೆ. ‘ಉಪನಿಷತ್’ ಪದದಲ್ಲಿ ‘ಉಪ’ದ ಜೊತೆಗೆ ಕುಳಿತುಕೊಳ್ಳುವುದನ್ನು ಹೇಳುವ ‘ಸದ್’ ಧಾತುವಿದೆ. ಸಬ್ಸಿಡಿಯ ಮೂಲವಾದ ‘ಸಬ್‌ಸಿಡಿಯಮ್’ನಲ್ಲಿ ಇರುವುದೂ ಇದೇ ಜೋಡಿ. ‘ಉಪಸ್ಥಿತಿ’ಯ ‘ಸ್ಥಾ’ ಮತ್ತು ‘ಸಬ್‌ಸ್ಟೆನ್ಸ್’ನ ‘ಸ್ಟಾರೆ’ ಒಂದೇ ಧಾತು. ‘ಉಪಯೋಗ’ದ ‘ಯುಜ್’ ಮತ್ತು ‘ಸಬ್‌ಜುಗೇಟ್’ನ ‘ಜುಗುಮ್’ ಕೂಡ ಒಂದೇ ಮೂಲದವು. ಜುಗುಮ್ ಎಂದರೆ ನೊಗ. ಕ್ರಿ.ಪೂ. 321ರಲ್ಲಿ ಕಾಡೈನ್ ಕಣಿವೆಯಲ್ಲಿ ಸೋತ ರೋಮನ್ ಸೈನ್ಯವನ್ನು ಸಾಮ್ನೈಟರು ನೊಗದ ಆಕಾರದಲ್ಲಿ ಕಟ್ಟಿದ ಈಟಿಗಳ ಅಡಿಯಲ್ಲಿ ನುಸುಳಿ ಹೋಗುವಂತೆ ಮಾಡಿದರು. ಅಡಿಯಾಳಾಗಿಸು ಎಂಬರ್ಥದ ಸಬ್‌ಜುಗೇಟ್ ಪದದ ಹಿಂದೆ ಇರುವುದು ಇಂಥ ಯುದ್ಧಾಚಾರ.

ಲ್ಯಾಟಿನ್‌ನಲ್ಲಿ ಅರ್ಥವಿಸ್ತಾರ

ರೋಮನ್ನರ ಕಾಲಕ್ಕಾಗಲೇ ಈ ಉಪಸರ್ಗಕ್ಕೆ ಹಲವು ಅರ್ಥಗಳಿದ್ದವು. ಒಂದನೆಯದು, ಅಡಿಯಲ್ಲಿ. ದಸ್ತಾವೇಜಿನ ಕೆಳಗೆ ಹೆಸರು ಬರೆಯುವುದರಿಂದ ‘ಸಬ್‌ಸ್ಕ್ರೈಬ್’ ಬಂತು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಪುಸ್ತಕ ಅಚ್ಚಾಗುವ ಮೊದಲೇ ಪಟ್ಟಿಗೆ ಸಹಿ ಹಾಕಿ ಹಣ ಕೊಡುವ ಪದ್ಧತಿ ಬೆಳೆದು, ಈ ಪದಕ್ಕೆ ಚಂದಾದಾರನಾಗು ಎಂಬರ್ಥ ನೆಲೆಯಾಯಿತು. ಎರಡನೆಯದು, ಹತ್ತಿರ. ‘ಸಬರ್ಬ್’ ನಗರದ ಕೆಳಗಿನ ಜಾಗವಲ್ಲ, ನಗರಕ್ಕೆ ಅಂಟಿಕೊಂಡ ಹೊರವಲಯ. ಮೂರನೆಯದು, ಕೆಳಗಿನಿಂದ ಮೇಲಕ್ಕೆ. ‘ಸಸ್ಟೇನ್’ ಎಂದರೆ ಕೆಳಗಿನಿಂದ ಎತ್ತಿ ಹಿಡಿ. ‘ಸಫರ್’ ಎಂದರೆ ಭಾರವನ್ನು ಅಡಿಯಲ್ಲಿ ನಿಂತು ಹೊರು. ನಾಲ್ಕನೆಯದು, ಗುಟ್ಟಾಗಿ. ಸಾಕ್ಷಿಗೆ ಆಮಿಷ ಒಡ್ಡಿ ಸುಳ್ಳು ಹೇಳಿಸುವ ‘ಸಬಾರ್ನ್’, ಕದ್ದುಮುಚ್ಚಿ ಮಾಡುವುದನ್ನು ಸೂಚಿಸುವ ‘ಸರೆಪ್ಟಿಷಸ್’ ಈ ಗುಂಪಿನವು. ಐದನೆಯದು, ಒಬ್ಬರ ಬದಲಿಗೆ ಇನ್ನೊಬ್ಬರು. ‘ಸಬ್‌ಸ್ಟಿಟ್ಯೂಟ್’ ಮತ್ತು ‘ಸರೊಗೇಟ್’ ಇದಕ್ಕೆ ನಿದರ್ಶನ. ರೋಮ್‌ನಲ್ಲಿ ಒಬ್ಬ ಅಧಿಕಾರಿಯ ಸ್ಥಾನಕ್ಕೆ ಬೇರೊಬ್ಬನನ್ನು ಚುನಾಯಿಸುವುದನ್ನು ಹೇಳುತ್ತಿದ್ದ ಕ್ರಿಯಾಪದವೇ ಇಂದು ಬಾಡಿಗೆ ತಾಯ್ತನದ ‘ಸರೊಗಸಿ’ಯಾಗಿ ಭಾರತದ 2021ರ ಕಾಯಿದೆಯ ಹೆಸರಿನಲ್ಲಿ ಸೇರಿದೆ.

ತತ್ತ್ವಶಾಸ್ತ್ರ ಮತ್ತು ವ್ಯಾಕರಣದ ಹಲವು ಪದಗಳು ಗ್ರೀಕ್‌ನ ಪಡಿಯಚ್ಚುಗಳು. ಗ್ರೀಕರು ‘ಹೈಪೊ’ ಹಚ್ಚಿ ಮಾಡಿದ ಪಾರಿಭಾಷಿಕಗಳನ್ನು ಲ್ಯಾಟಿನ್ ವಿದ್ವಾಂಸರು ಭಾಗ ಭಾಗವಾಗಿ ‘ಸಬ್’ಗೆ ಇಳಿಸಿದರು. ‘ಸಬ್ಜೆಕ್ಟ್’, ‘ಸಬ್‌ಸ್ಟೆನ್ಸ್’, ‘ಸಬ್‌ಜಂಕ್ಟಿವ್’ ಹುಟ್ಟಿದ್ದು ಹೀಗೆ. ಇಂಗ್ಲಿಷ್ ಎರಡು ಭಾಷೆಗಳಿಂದಲೂ ಎರವಲು ತಂದದ್ದರಿಂದ ಅದರಲ್ಲಿ ಅವಳಿಗಳು ಉಳಿದಿವೆ: ‘ಹೈಪಾಥಿಸಿಸ್’ ಮತ್ತು ‘ಸಪೊಸಿಷನ್’, ‘ಹೈಪೊಡರ್ಮಿಕ್’ ಮತ್ತು ‘ಸಬ್‌ಕ್ಯುಟೇನಿಯಸ್’. ಕೊನೆಯ ಎರಡೂ ಚರ್ಮದ ಅಡಿಯನ್ನೇ ಹೇಳುತ್ತವೆ.

ರೂಪಭೇದಗಳು

ಸಂಸ್ಕೃತದಲ್ಲಿ ಸತ್ ಮತ್ತು ಜನ ಸೇರಿ ಸಜ್ಜನ ಆಗುವಂತೆ, ‘ಸಬ್’ನ ಬಕಾರ ಮುಂದಿನ ವ್ಯಂಜನಕ್ಕೆ ಹೊಂದಿಕೊಂಡು ಬದಲಾಗುತ್ತದೆ. ಸಿ ಅಕ್ಷರದ ಮುಂದೆ ಅದು ‘ಸಕ್ಸೀಡ್’, ಎಫ್ ಮುಂದೆ ‘ಸಫರ್’, ಜಿ ಮುಂದೆ ‘ಸಜೆಸ್ಟ್’, ಎಂ ಮುಂದೆ ‘ಸಮನ್’, ಪಿ ಮುಂದೆ ‘ಸಪೋರ್ಟ್’ ಮತ್ತು ‘ಸಪ್ಲೈ’, ಆರ್ ಮುಂದೆ ‘ಸರೊಗೇಟ್’ ಪದಗಳನ್ನು ಕೊಟ್ಟಿದೆ. ‘ಸಸ್ಪೆಂಡ್’, ‘ಸಸ್ಟೇನ್’ಗಳಲ್ಲಿ ‘ಸಬ್ಸ್’ ಎಂಬ ಇನ್ನೊಂದು ರೂಪದ ಬಕಾರ ಬಿದ್ದುಹೋಗಿದೆ. ಇಂಗ್ಲಿಷ್ ಕಾಗುಣಿತ ಕಲಿಯುವವರನ್ನು ಕಾಡುವ ಜೋಡಿ ಅಕ್ಷರಗಳಿಗೆ ಇದೇ ಕಾರಣ: ಸಜೆಸ್ಟ್‌ನ ಎರಡು ಜಿ, ಸಪೋರ್ಟ್‌ನ ಎರಡು ಪಿ, ಸಮನ್‌ನ ಎರಡು ಎಂ ಇವುಗಳಲ್ಲಿ ಮೊದಲನೆಯದು ಮಾರ್ಪಟ್ಟ ಬಕಾರ. ಪ್ರತ್ಯಯಕ್ಕೆ ಇಂಗ್ಲಿಷ್‌ನಲ್ಲಿರುವ ‘ಸಫಿಕ್ಸ್’ ಎಂಬ ಹೆಸರು ಕೂಡ ಶುರುವಾಗುವುದು ಒಂದು ಪ್ರಿಫಿಕ್ಸ್‌ನಿಂದಲೇ.

ಇಂಗ್ಲಿಷಿಗೆ ಬಂದ ದಾರಿಗಳು

1066ರ ನಾರ್ಮನ್ ವಿಜಯದ ನಂತರ ಫ್ರೆಂಚ್ ಇಂಗ್ಲೆಂಡಿನ ಅರಮನೆ ಮತ್ತು ನ್ಯಾಯಾಲಯಗಳ ಭಾಷೆಯಾಯಿತು. ಅಂದು ಬಂದ ಪದಗಳು ಜನರ ಬಾಯಲ್ಲಿ ಸವೆದು ಬಂದವಾದ್ದರಿಂದ ಅವುಗಳಲ್ಲಿ ಉಪಸರ್ಗ ಕಣ್ಣಿಗೆ ಬೀಳುವುದಿಲ್ಲ. ‘ಸಡನ್’ ಹುಟ್ಟಿದ್ದು ಸದ್ದಿಲ್ಲದೆ ಬರುವುದನ್ನು ಹೇಳುವ ‘ಸಬ್‌ಇರೆ’ಯಿಂದ. ‘ಸೋರ್ಸ್’ ಮತ್ತು ‘ಸರ್ಜ್’ ಎರಡಕ್ಕೂ ಮೂಲ ಮೇಲೇಳುವುದನ್ನು ಹೇಳುವ ‘ಸರ್ಗೆರೆ’. ‘ಸೂವನೀರ್’ ಎಂದರೆ ಮನಸ್ಸಿನೊಳಕ್ಕೆ ಬರುವುದು, ಅಂದರೆ ನೆನಪು. ಇದು ಫ್ರೆಂಚ್‌ನಿಂದ ಬಹಳ ತಡವಾಗಿ ಬಂದ ಪದ.

ಕಾನೂನಿನ ಪದಗಳು ನೇರವಾಗಿ ಲ್ಯಾಟಿನ್ ದಾಖಲೆಗಳಿಂದಲೂ ಬಂದವು. ಸಾಕ್ಷಿಯನ್ನು ಕರೆಸುವ ಆಜ್ಞಾಪತ್ರ ‘ದಂಡನೆಗೆ ಒಳಪಟ್ಟು’ ಎಂಬರ್ಥದ ‘ಸಬ್ ಪೀನಾ’ ಎಂಬ ಮಾತುಗಳನ್ನು ಹೊಂದಿರುತ್ತಿದ್ದುದರಿಂದ ಪತ್ರಕ್ಕೇ ಆ ಹೆಸರು ನಿಂತಿತು. ಭಾರತದ ನ್ಯಾಯಾಲಯಗಳಲ್ಲಿ ಬಳಕೆಯಾಗುವ ‘ಸಮನ್ಸ್’ ಕೂಡ ‘ಸಬ್’ನ ಸಂತಾನವೇ, ಎಚ್ಚರಿಸುವುದನ್ನು ಹೇಳುವ ‘ಮೊನೇರೆ’ ಅದರ ಉತ್ತರಾರ್ಧ.

ನವೋದಯ ಕಾಲದ ವಿದ್ವಾಂಸರು ಲ್ಯಾಟಿನ್ ಗ್ರಂಥಗಳಿಂದ ಪದಗಳನ್ನು ಸವೆಯದ ರೂಪದಲ್ಲೇ ಎತ್ತಿಕೊಂಡರು. ಹಳೆಯ ಎರವಲುಗಳನ್ನೂ ತಿದ್ದಿದರು. ಮಧ್ಯಕಾಲದಲ್ಲಿ ‘ಸೊಟಿಲ್’ ಎಂದು ಬರೆಯುತ್ತಿದ್ದ ಪದಕ್ಕೆ ಲ್ಯಾಟಿನ್ ಮಾದರಿಯಲ್ಲಿ ಬಿ ಅಕ್ಷರವನ್ನು ಮರಳಿ ತುರುಕಲಾಯಿತು. ಉಚ್ಚಾರಣೆ ಮಾತ್ರ ಬದಲಾಗಲಿಲ್ಲ. ಇಂದಿಗೂ ಬರೆಯುವುದು ಬಿ ಸಹಿತ, ಓದುವುದು ‘ಸಟ್ಲ್’.

ಜೀವಂತ ಉಪಸರ್ಗವಾಗಿ

ಕಾಲಕ್ರಮದಲ್ಲಿ ಇಂಗ್ಲಿಷ್ ಜನ ‘ಸಬ್’ ಅನ್ನು ಬಿಡಿಯಾಗಿ ಗುರುತಿಸಿ, ತಮ್ಮದೇ ಪದಗಳಿಗೆ ಹಚ್ಚತೊಡಗಿದರು. ಬಾಡಿಗೆಗೆ ಪಡೆದ ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವ ‘ಸಬ್‌ಲೆಟ್’ನಲ್ಲಿ ಉತ್ತರಪದ ಅಪ್ಪಟ ಜರ್ಮ್ಯಾನಿಕ್. ಇಲ್ಲಿಂದ ಮುಂದೆ ಬಕಾರ ಯಾವ ವ್ಯಂಜನಕ್ಕೂ ಬಾಗುವುದಿಲ್ಲ. ‘ಸಬ್‌ಕಮಿಟಿ’ ಎಂದೂ ‘ಸಕ್ಕಮಿಟಿ’ ಆಗಲಿಲ್ಲ. ಪದ ಹಳೆಯ ಎರವಲೋ ಹೊಸ ಸೃಷ್ಟಿಯೋ ಎಂದು ತಿಳಿಯಲು ಇದೊಂದು ಸುಲಭ ಗುರುತು.

ಡಚ್ ಸಂಶೋಧಕ ಕಾರ್ನೆಲಿಸ್ ಡ್ರೆಬೆಲ್ 1620ರ ಸುಮಾರಿಗೆ ಥೇಮ್ಸ್ ನದಿಯ ನೀರಿನಡಿ ದೋಣಿ ನಡೆಸಿದ್ದ. ಆದರೆ 17ನೆಯ ಶತಮಾನದಲ್ಲಿ ‘ಸಬ್‌ಮರೀನ್’ ಕಡಲಡಿಯದು ಎಂಬರ್ಥದ ವಿಶೇಷಣವಾಗಿತ್ತು. ಅದು ಜಲಾಂತರ್ಗಾಮಿಯ ಹೆಸರಾಗಿ ನೆಲೆಗೊಂಡದ್ದು 19ನೆಯ ಶತಮಾನದ ಕೊನೆಯಲ್ಲಿ. ‘ಸಬ್‌ವೇ’ ಎರಡು ದಾರಿ ಹಿಡಿಯಿತು. ಅಮೆರಿಕದಲ್ಲಿ, 1897ರಲ್ಲಿ ಬಾಸ್ಟನ್, 1904ರಲ್ಲಿ ನ್ಯೂಯಾರ್ಕ್ ನೆಲದಡಿಯ ರೈಲು ಆರಂಭಿಸಿದ ಮೇಲೆ, ಅದು ರೈಲಿನ ಹೆಸರಾಯಿತು. ಬ್ರಿಟನ್ನಿನಲ್ಲಿ ಅದು ಪಾದಚಾರಿಗಳ ಸುರಂಗಮಾರ್ಗ. ಬೆಂಗಳೂರಿನ ಮೆಜೆಸ್ಟಿಕ್‌ನ ಸಬ್‌ವೇ ಎನ್ನುವಾಗ ನಾವು ಅನುಸರಿಸುವುದು ಬ್ರಿಟಿಷ್ ಬಳಕೆಯನ್ನು.

ಸೈನ್ಯದಲ್ಲಿ ಕ್ಯಾಪ್ಟನ್‌ಗಿಂತ ಕೆಳಗಿನ ಅಧಿಕಾರಿಯ ಹೆಸರಾಗಿದ್ದ ‘ಸಬಾಲ್ಟರ್ನ್’ ಪದವನ್ನು ಇಟಲಿಯ ಚಿಂತಕ ಆಂಟೋನಿಯೊ ಗ್ರಾಮ್ಶಿ ಅಧಿಕಾರದಿಂದ ದೂರ ಉಳಿದ ವರ್ಗಗಳಿಗೆ ಅನ್ವಯಿಸಿದ. ರಣಜಿತ್ ಗುಹಾ ಅವರ ಸಂಪಾದಕತ್ವದಲ್ಲಿ 1982ರಲ್ಲಿ ಆರಂಭವಾದ ‘ಸಬಾಲ್ಟರ್ನ್ ಸ್ಟಡೀಸ್’ ಮಾಲೆಯಿಂದ ಅದು ಭಾರತದ ಇತಿಹಾಸ ಲೇಖನದ ಮುಖ್ಯ ಪರಿಭಾಷೆಯಾಯಿತು.

ಕರ್ನಾಟಕದಲ್ಲಿ

‘ಸಬ್‌ಸಿಡಿಯಮ್’ ಎಂದರೆ ರೋಮನ್ ಸೈನ್ಯದಲ್ಲಿ ಮುಂಚೂಣಿಯ ಹಿಂದೆ ಸಿದ್ಧವಾಗಿ ಕುಳಿತ ಮೀಸಲು ಪಡೆ. ಅದರಿಂದ ನೆರವು ಎಂಬ ಅರ್ಥ ಬೆಳೆಯಿತು. ಮಧ್ಯಕಾಲದ ಇಂಗ್ಲೆಂಡಿನಲ್ಲಿ ಸಬ್ಸಿಡಿ ಎಂದರೆ ಪಾರ್ಲಿಮೆಂಟು ದೊರೆಗೆ ಮಂಜೂರು ಮಾಡುತ್ತಿದ್ದ ಹಣ. ಗವರ್ನರ್ ಜನರಲ್ ವೆಲ್ಲೆಸ್ಲಿ ಭಾರತದ ಸಂಸ್ಥಾನಗಳ ಮೇಲೆ ಹೇರಿದ, ನಮ್ಮ ಪಠ್ಯಪುಸ್ತಕಗಳು ಸಹಾಯಕ ಸೈನ್ಯ ಪದ್ಧತಿ ಎನ್ನುವ ವ್ಯವಸ್ಥೆಯ ಇಂಗ್ಲಿಷ್ ಹೆಸರಿನಲ್ಲಿ ‘ಸಬ್ಸಿಡಿಯರಿ’ ಪದವಿದೆ. ಟಿಪ್ಪುವಿನ ಪತನದ ನಂತರ, 1799ರ ಒಪ್ಪಂದದಂತೆ, ಮೈಸೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಯ ಪಡೆಗಾಗಿ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ತೆರಬೇಕಾಯಿತು. ಬ್ರಿಟಿಷ್ ದಾಖಲೆಗಳಲ್ಲಿ ಆ ಕಪ್ಪದ ಹೆಸರೂ ಸಬ್ಸಿಡಿಯೇ. ಅಂದು ರಾಜ್ಯ ತೆತ್ತ ಹಣದ ಹೆಸರು ಇಂದು ಗೊಬ್ಬರ, ಹನಿ ನೀರಾವರಿಗಳಿಗೆ ಸರ್ಕಾರ ಕೊಡುವ ಸಹಾಯಧನದ ಹೆಸರಾಗಿದೆ.

ಆಡಳಿತ ಕನ್ನಡ ‘ಸಬ್’ಗೆ ‘ಉಪ’ವನ್ನು ಆರಿಸಿಕೊಂಡಿತು: ಉಪನೋಂದಣಾಧಿಕಾರಿ, ಉಪಸಂಪಾದಕ, ಉಪಸಮಿತಿ, ವಿದ್ಯುತ್ ಉಪಕೇಂದ್ರ. ವ್ಯುತ್ಪತ್ತಿಯ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ಆಯ್ಕೆ ಇಲ್ಲ. ಆದರೆ ಡೆಪ್ಯುಟಿ ಸೆಕ್ರೆಟರಿ ಉಪಕಾರ್ಯದರ್ಶಿ, ವೈಸ್ ಪ್ರೆಸಿಡೆಂಟ್ ಉಪರಾಷ್ಟ್ರಪತಿ ಆಗಿರುವುದರಿಂದ, ಕನ್ನಡದ ‘ಉಪ’ವನ್ನು ನೋಡಿ ಇಂಗ್ಲಿಷ್ ಹುದ್ದೆಯನ್ನು ಊಹಿಸುವುದು ಸಾಧ್ಯವಿಲ್ಲ.

ಹೋಲಿಕೆಯ ಪದಗಳು

ರೂಪ ಹೋಲುವ ಎಲ್ಲವೂ ಈ ಗುಂಪಿನವಲ್ಲ. ಸರ್ವೆ, ಸರ್ಫೇಸ್, ಸರ್‌ನೇಮ್‌ಗಳ ‘ಸರ್’ ಫ್ರೆಂಚ್ ಮೂಲಕ ಬಂದ ‘ಸೂಪರ್’, ಅಂದರೆ ಮೇಲೆ. ಸಮ್ಮರ್ ಜರ್ಮ್ಯಾನಿಕ್ ಪದ. ಸಪ್ಪರ್ ಹಳೆಯ ಫ್ರೆಂಚ್‌ನ ಊಟದ ಹೆಸರಿನಿಂದ ಬಂದದ್ದು. ಸೈನ್ಯದಲ್ಲಿ ಕೆಳದರ್ಜೆಯ ಅಧಿಕಾರಿಯಂತೆ ಕಾಣುವ ಸುಬೇದಾರನಿಗೂ ಲ್ಯಾಟಿನ್‌ಗೂ ಸಂಬಂಧವಿಲ್ಲ. ಅದು ಪ್ರಾಂತ ಎಂಬರ್ಥದ ‘ಸುಬಾ’ದಿಂದ ಪರ್ಷಿಯನ್ ಮೂಲಕ ಬಂದಿದ್ದು, ಮೊಘಲರ ಕಾಲದಲ್ಲಿ ಇಡೀ ಪ್ರಾಂತವನ್ನು ಆಳುವವನ ಬಿರುದಾಗಿತ್ತು.