ಇದು ಯಾವ ಬಗೆಯ ಅಧ್ಯಯನ? – ಸಂಶೋಧನಾ ವಿನ್ಯಾಸಗಳನ್ನು ಗುರುತಿಸುವ ಕ್ರಮ

ಚಳಿಗಾಲದ ಆರಂಭದಲ್ಲಿ ಇಂದಿರಾಪುರಂನ ಆಕಾಶ ಬೂದು ಬಣ್ಣಕ್ಕೆ ತಿರುಗುತ್ತಿದ್ದಂತೆ 'ಅಧ್ಯಯನವೊಂದರ ಪ್ರಕಾರ' ಎಂದು ಆರಂಭವಾಗುವ ಸುದ್ದಿಗಳು ಪತ್ರಿಕೆಗಳಲ್ಲಿ ಹೆಚ್ಚುತ್ತವೆ. ಮಕ್ಕಳ ಶ್ವಾಸಕೋಶ, ಹಿರಿಯರ ಹೃದಯ, ಏರ್ ಪ್ಯೂರಿಫೈಯರ್‌ನ ಉಪಯೋಗ – ಎಲ್ಲದಕ್ಕೂ ಒಂದೊಂದು ಅಧ್ಯಯನವಿರುತ್ತದೆ. ಅದನ್ನು ನಂಬಿ ಸಾವಿರಾರು ರೂಪಾಯಿ ವೆಚ್ಚ ಮಾಡುವವರಿದ್ದಾರೆ. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ನಿಲ್ಲಿಸಿಬಿಡುವವರೂ ಇದ್ದಾರೆ. ಇದೇ ವಿಷಯ ನಮ್ಮ ಮಕ್ಕಳಿಗೆ ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲಿ 'ಇದು ಯಾವ ಬಗೆಯ ಅಧ್ಯಯನ?' ಎಂಬ ಪರೀಕ್ಷೆಯ ಪ್ರಶ್ನೆಯಾಗಿ ಎದುರಾಗುತ್ತದೆ. ಎರಡಕ್ಕೂ ಉತ್ತರ ಹುಡುಕುವ ದಾರಿ ಒಂದೇ.

ಮೊದಲು ಕೇಳಬೇಕಾದುದು ಇಷ್ಟು: ಸಂಶೋಧಕರು ಜನರ ಬದುಕಿನಲ್ಲಿ ತಾವಾಗಿ ಏನನ್ನಾದರೂ ಬದಲಿಸಿದರೇ, ಅಥವಾ ಇದ್ದುದನ್ನು ಇದ್ದಂತೆ ನೋಡಿ ಬರೆದುಕೊಂಡರೇ? ಯಾರಿಗೆ ಏನು ಸಿಗಬೇಕೆಂಬುದನ್ನು ಸಂಶೋಧಕರೇ ನಿರ್ಧರಿಸಿದ್ದರೆ ಅದು ಪ್ರಯೋಗ. ಕೇವಲ ನೋಡಿದ್ದರೆ ಅದು ಅವಲೋಕನ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಹಿಂಸಾ ಖಂಡದ ಒಂದು ವಸತಿ ಸಮುಚ್ಚಯದಲ್ಲಿ ಮನೆಮನೆಗೆ ಹೋಗಿ, ಪ್ಯೂರಿಫೈಯರ್ ಇದೆಯೇ, ಮಕ್ಕಳಿಗೆ ಕೆಮ್ಮಿದೆಯೇ ಎಂದು ಒಂದೇ ದಿನ ಕೇಳಿದೆವು ಎನ್ನಿ. ಕಾರಣವೆಂದು ಶಂಕಿಸಿದ್ದನ್ನೂ ಪರಿಣಾಮವನ್ನೂ ಒಂದೇ ಕಾಲದಲ್ಲಿ ಅಳೆಯುವ ಇಂಥದನ್ನು ಅಡ್ಡಕೊಯ್ತದ ಅಧ್ಯಯನ ಎನ್ನಬಹುದು. ಪ್ಯೂರಿಫೈಯರ್ ಇರುವ ಮನೆಗಳಲ್ಲೇ ಕೆಮ್ಮು ಹೆಚ್ಚೆಂದು ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಕೆಮ್ಮುವ ಮಗುವಿರುವ ಮನೆಯವರೇ ಮೊದಲು ಅಂಗಡಿಗೆ ಹೋಗುತ್ತಾರೆ. ಕೆಮ್ಮು ಕಡಿಮೆಯೆಂದು ಕಂಡುಬಂದರೂ ಯಂತ್ರಕ್ಕೇ ಕೀರ್ತಿ ಸಲ್ಲಬೇಕಾಗಿಲ್ಲ. ಅದನ್ನು ಕೊಂಡವರ ಮನೆ ಹೆದ್ದಾರಿಯಿಂದ ದೂರವಿರಬಹುದು, ಮಗು ಶಾಲೆಗೆ ಕಾರಿನಲ್ಲಿ ಹೋಗುತ್ತಿರಬಹುದು. ಮರೆಯಲ್ಲಿ ನಿಂತ ಈ ಮೂರನೆಯ ಅಂಶವೇ ಅವಲೋಕನ ಅಧ್ಯಯನಗಳ ದೊಡ್ಡ ತೊಡಕು.

ಸಮೀಕ್ಷೆಯೂ ಅವಲೋಕನವೇ. ಅದರ ಬೆಲೆಯೆಲ್ಲ ಮಾದರಿಯ ಆಯ್ಕೆಯಲ್ಲಿದೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ 1951-52ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಸಮೀಕ್ಷೆಯು ಮಾದರಿ ಸಮೀಕ್ಷೆಗೆ ನಮ್ಮ ನಾಡಿನದೇ ಹಳೆಯ ಉದಾಹರಣೆ. ವಾಟ್ಸಾಪ್ ಗುಂಪಿನಲ್ಲಿ ಇಷ್ಟವಿದ್ದವರು ಮಾತ್ರ ಉತ್ತರಿಸುವ ಮತಸಂಗ್ರಹವನ್ನು ಆ ಸಾಲಿಗೆ ಸೇರಿಸಲಾಗದು.

ಇನ್ನು ಕೇಸ್-ಕಂಟ್ರೋಲ್ ಅಧ್ಯಯನ. ಇದರಲ್ಲಿ ಸಂಶೋಧಕರು ರೋಗದಿಂದ ಹೊರಟು ಹಿಂದಕ್ಕೆ ನಡೆಯುತ್ತಾರೆ. ಬೆಂಗಳೂರಿನಲ್ಲಿ ನಡೆದು, 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಬಾರಿ ಹೃದಯಾಘಾತವಾದ 200 ರೋಗಿಗಳನ್ನೂ ವಯಸ್ಸು ಮತ್ತು ಲಿಂಗದಲ್ಲಿ ಅವರಿಗೆ ಹೊಂದುವ 200 ಮಂದಿಯನ್ನೂ ಹೋಲಿಸಲಾಯಿತು. ಧೂಮಪಾನವು ಮುಖ್ಯ ಅಪಾಯವಾಗಿ ಎದ್ದು ಕಂಡಿತು. ಇಲ್ಲಿ ರೋಗಿಗಳ ಸಂಖ್ಯೆಯನ್ನು ಸಂಶೋಧಕರೇ ಗೊತ್ತುಪಡಿಸಿಕೊಂಡಿರುತ್ತಾರೆ. ಆದುದರಿಂದ ಊರಿನಲ್ಲಿ ನೂರಕ್ಕೆ ಎಷ್ಟು ಮಂದಿಗೆ ಹೃದ್ರೋಗವಿದೆ ಎಂದು ಇದರಿಂದ ಹೇಳಲಾಗದು. ಹಿಂದಿನದನ್ನು ನೆನಪಿನಿಂದ ಹೇಳಿಸಬೇಕಾದ ಕಷ್ಟವೂ ಇದೆ.

ಕೋಹಾರ್ಟ್ ಅಧ್ಯಯನದ ನಡಿಗೆ ಇದಕ್ಕೆ ವಿರುದ್ಧ. ಒಂದು ಗುಂಪಿನ ಜನರನ್ನು ಗುರುತಿಸಿ, ಮುಂದೆ ಅವರಲ್ಲಿ ಯಾರಿಗೆ ಏನಾಗುತ್ತದೆಂದು ನೋಡುತ್ತಾ ಹೋಗುವುದು. ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಉದಾಹರಣೆ ಮೈಸೂರಿನಲ್ಲಿದೆ. ಅಲ್ಲಿಯವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಹೆರಿಗೆ ಕೋಣೆಯ ದಾದಿಯರು ಬರೆದ ಆ ದಾಖಲೆಗಳು ಅರ್ಧ ಶತಮಾನದ ಬಳಿಕ ವಿಜ್ಞಾನದ ನಿಧಿಯಾದವು. ಬ್ರಿಟನ್ನಿನ ಸೌತಾಂಪ್ಟನ್ ತಂಡ ಮತ್ತು ಮೈಸೂರಿನ ವೈದ್ಯರು ಸೇರಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಆ ಸುತ್ತಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಪತ್ತೆಮಾಡಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚಾಗಿತ್ತೆಂದು 1996ರಲ್ಲಿ ವರದಿಯಾಯಿತು.

ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು. ಹಳೆಯ ದಾಖಲೆ ನೋಡಿದ ಮಾತ್ರಕ್ಕೆ ಇದು ಕೇಸ್-ಕಂಟ್ರೋಲ್ ಆಗುವುದಿಲ್ಲ. ಜನರನ್ನು ಆರಿಸಿದ್ದು ಹೃದ್ರೋಗದ ಆಧಾರದ ಮೇಲಲ್ಲ, ಹುಟ್ಟಿನ ಆಧಾರದ ಮೇಲೆ. ಆದುದರಿಂದ ಇದು ಹಿಂದಿನ ದಾಖಲೆಗಳಿಂದ ಕಟ್ಟಿದ ಕೋಹಾರ್ಟ್. ಊರು ಬಿಟ್ಟವರು, ಅದಾಗಲೇ ತೀರಿಕೊಂಡವರು ಲೆಕ್ಕಕ್ಕೆ ಬರಲಿಲ್ಲ ಎಂಬುದು ಅದರ ಮಿತಿ. (ಊರು ಬಿಟ್ಟು ದೆಹಲಿ ಸೇರಿದ ಮೈಸೂರಿನವರೂ ಹೀಗೆಯೇ ಲೆಕ್ಕ ತಪ್ಪಿಸಿಕೊಂಡಿರಬೇಕು!) ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಾನುವರ್ಷ ಹಿಂಬಾಲಿಸಿದ 'ಪಾರ್ಥೆನಾನ್' ಅಧ್ಯಯನವು ಮುಂದಕ್ಕೆ ನಡೆಯುವ ಕೋಹಾರ್ಟ್. ದೆಹಲಿಯಲ್ಲಿಯೂ 1969-72ರಲ್ಲಿ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಹುಟ್ಟಿದ 8 ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆಯಿಂದ ಬೆಳೆದ ಕೋಹಾರ್ಟ್ ಪ್ರಸಿದ್ಧವಾಗಿದೆ. ಆದರೆ ದೊಡ್ಡವರಾದ ಮೇಲೆ ಪರೀಕ್ಷೆಗೆ ಸಿಕ್ಕವರು ಸುಮಾರು ಒಂದೂವರೆ ಸಾವಿರ ಮಂದಿ ಮಾತ್ರ. ದೀರ್ಘಕಾಲದ ಅಧ್ಯಯನಗಳ ಪಾಡೇ ಅದು.

ಪ್ರಯೋಗಕ್ಕೆ ಬಂದರೆ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಪ್ರಮುಖ ಪಾತ್ರ ವಹಿಸಿದ್ದ ಪಾಲಿಕ್ಯಾಪ್ ಪರೀಕ್ಷೆಯನ್ನು ನೆನೆಯಬೇಕು. ದೇಶದ 50 ಕೇಂದ್ರಗಳಲ್ಲಿ 2,053 ಮಂದಿಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಹಂಚಿ, ಒಂದು ಗುಂಪಿಗೆ ಐದು ಔಷಧಗಳನ್ನು ಸೇರಿಸಿದ ಒಂದೇ ಗುಳಿಗೆಯನ್ನೂ ಉಳಿದ ಗುಂಪುಗಳಿಗೆ ಬಿಡಿ ಔಷಧ ಅಥವಾ ಬೇರೆ ಜೋಡಣೆಗಳನ್ನೂ ಕೊಡಲಾಯಿತು. ಯಾರು ಯಾವುದನ್ನು ನುಂಗುತ್ತಿದ್ದಾರೆಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಏರ್ಪಡಿಸಲಾಗಿತ್ತು. ಹೀಗೆ ಹಂಚಿದಾಗ ಮರೆಯಲ್ಲಿರುವ ಮೂರನೆಯ ಅಂಶಗಳೂ ಎಲ್ಲ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹರಡಿಕೊಳ್ಳುತ್ತವೆ. ಕಾರಣ-ಪರಿಣಾಮದ ಮಾತನ್ನು ಧೈರ್ಯವಾಗಿ ಆಡಲು ಪ್ರಯೋಗಕ್ಕೆ ಅಧಿಕಾರ ಬರುವುದು ಇದರಿಂದಲೇ. ಆದರೂ 2009ರಲ್ಲಿ ಪ್ರಕಟವಾದ ಆ ವರದಿ ಅಳೆದದ್ದು ರಕ್ತದೊತ್ತಡ, ಕೊಲೆಸ್ಟರಾಲ್ ಮುಂತಾದವನ್ನು. ಹೃದಯಾಘಾತ ಎಷ್ಟು ತಪ್ಪಿತು ಎಂಬುದನ್ನಲ್ಲ. ಸುದ್ದಿಯ ಶೀರ್ಷಿಕೆಗಳಲ್ಲಿ ಇಂಥ ವ್ಯತ್ಯಾಸ ಅಳಿಸಿಹೋಗುತ್ತದೆ.

ಯಾದೃಚ್ಛಿಕ ಆಯ್ಕೆ ಬೇರೆ, ಯಾದೃಚ್ಛಿಕ ಹಂಚಿಕೆ ಬೇರೆ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಮೊದಲನೆಯದು ಯಾರನ್ನು ಅಧ್ಯಯನಕ್ಕೆ ಕರೆಯಬೇಕೆಂಬುದಕ್ಕೆ. ಫಲಿತಾಂಶವನ್ನು ಇಡೀ ಊರಿಗೆ ಅನ್ವಯಿಸಲು ಅದು ಬೇಕು. ಎರಡನೆಯದು ಕರೆದವರಲ್ಲಿ ಯಾರಿಗೆ ಏನು ಕೊಡಬೇಕೆಂಬುದಕ್ಕೆ. ಪ್ರಶ್ನೆಪತ್ರಿಕೆಯಲ್ಲಿ 'ಯಾದೃಚ್ಛಿಕ' ಎಂಬ ಪದ ಕಂಡೊಡನೆ ಪ್ರಯೋಗವೆಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ಈ ಎರಡು ಮನೆಗಳಲ್ಲಿ ಯಾವುದಕ್ಕೂ ಪೂರ್ತಿ ಸೇರದ ಒಂದು ಬಗೆಯೂ ಇದೆ. 2016ರ ಜನವರಿ 1ರಿಂದ 15ರವರೆಗೆ ದೆಹಲಿಯಲ್ಲಿ ಸಮ-ಬೆಸ ಸಂಖ್ಯೆಯ ಕಾರುಗಳ ನಿಯಮ ಜಾರಿಯಲ್ಲಿತ್ತು. ನಿಯಮವನ್ನು ತಂದದ್ದು ಸರ್ಕಾರ, ಸಂಶೋಧಕರಲ್ಲ. ಹಂಚಿಕೆ ಯಾದೃಚ್ಛಿಕವೂ ಅಲ್ಲ. ಇಂಥದನ್ನು ಸಹಜ ಪ್ರಯೋಗ ಎನ್ನುವರು. ಜಾರಿಗೆ ಮುಂಚಿನ ಮತ್ತು ಅನಂತರದ ದೆಹಲಿಯನ್ನಷ್ಟೇ ಹೋಲಿಸಿದರೆ ಗಾಳಿ, ಮಂಜುಗಳ ಬದಲಾವಣೆ ಲೆಕ್ಕವನ್ನು ಕೆಡಿಸುತ್ತದೆ. ಅದೇ ಹವೆಯನ್ನು ಉಸಿರಾಡುತ್ತ, ಉತ್ತರ ಪ್ರದೇಶಕ್ಕೆ ಸೇರಿದ ಕಾರಣ ನಿಯಮದ ಹೊರಗುಳಿದ ಇಂದಿರಾಪುರಂನಂಥ ನೆರೆಯ ಪ್ರದೇಶಗಳು ಹೋಲಿಕೆಗೆ ಒದಗುವುದು ಆಗಲೇ. ಆದರೆ ಇಲ್ಲಿಂದ ದಿನವೂ ದೆಹಲಿಗೆ ಕಾರಿನಲ್ಲಿ ಹೋಗುವವರು ಗಡಿ ದಾಟಿದೊಡನೆ ಆ ನಿಯಮಕ್ಕೆ ಒಳಪಡುತ್ತಿದ್ದುದರಿಂದ ನಮ್ಮ ರಸ್ತೆಗಳ ಸಂಚಾರವೂ ಅಷ್ಟಿಷ್ಟು ಬದಲಾಗಿದ್ದಿರಬಹುದು. ಹೋಲಿಕೆಯ ಗುಂಪು ಆ ಮಟ್ಟಿಗೆ ಶುದ್ಧವಾಗಿ ಉಳಿಯಲಾರದು.