ಒಗ್ಗದ ವಾದ್ಯ ಒಗ್ಗಿದ ಬಗೆ: ಗದಗ ಸೀಮೆಯಲ್ಲಿ ಹಾರ್ಮೋನಿಯಂ ಪ್ರಯೋಗದ ಚರಿತ್ರೆ

ಪ್ರಸ್ತಾವನೆ

ಪ್ರಾಯೋಗಿಕ ಸಂಗೀತದ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಇಟಲಿಯ ಲುಯಿಜಿ ರುಸೊಲೊನಿಂದ ಹೊರಡುತ್ತಾರೆ. ಗದ್ದಲವೂ ಸಂಗೀತವೆಂದು ಆತ ಸಾರಿದ್ದು 1913ರಲ್ಲಿ. 1940ರಲ್ಲಿ ಅಮೆರಿಕದ ಜಾನ್ ಕೇಜ್ ನೃತ್ಯವೊಂದಕ್ಕಾಗಿ ಪಿಯಾನೋದ ತಂತಿಗಳ ನಡುವೆ ಬೋಲ್ಟು ಮೊದಲಾದ ವಸ್ತುಗಳನ್ನು ಸಿಕ್ಕಿಸಿ ಹೊಸ ನಾದ ಹುಡುಕಿದ. ಈ ಕಥನದಲ್ಲಿ ಪ್ರಯೋಗವೆಂದರೆ ರೂಢಿಯನ್ನು ಮುರಿಯುವುದು. ರೂಢಿಯೊಳಗಿದ್ದುಕೊಂಡೇ, ತನ್ನ ಸಂಗೀತಕ್ಕೆ ಒಗ್ಗದ ವಾದ್ಯವೊಂದನ್ನು ಕೇಳುಗರ ಎದುರಿನಲ್ಲೇ ಒಗ್ಗಿಸಿಕೊಳ್ಳುವುದೂ ಪ್ರಯೋಗವೇ. ಗದಗ-ಧಾರವಾಡ ಸೀಮೆಯಲ್ಲಿ ಹಾರ್ಮೋನಿಯಂ, ಅಂದರೆ ಪೇಟಿ, ನೆಲೆಯೂರಿದ ಬಗೆಯನ್ನು ಆ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ.

ವಾದ್ಯ ಮತ್ತು ಅದರ ತೊಡಕು

ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದದ್ದು 1842ರಲ್ಲಿ. ಕಾಲಿನಿಂದ ತಿದಿ ತುಳಿದು ಎರಡೂ ಕೈಗಳಿಂದ ನುಡಿಸುವ ಆ ವಾದ್ಯವನ್ನು ನೆಲದ ಮೇಲೆ ಕೂತು ನುಡಿಸುವಂತೆ ಮಾರ್ಪಡಿಸಿದ ಕೀರ್ತಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರಿಗೆ ಸಲ್ಲುತ್ತದೆ. ಕಾಲ 1875ರ ಸುಮಾರು. ಒಂದು ಕೈ ತಿದಿಗೆ ಹೋದಮೇಲೆ ಸ್ವರದ ಮನೆಗಳ ಮೇಲೆ ಉಳಿದದ್ದು ಒಂದೇ ಕೈ. ಯುರೋಪಿನ ಸ್ವರಮೇಳಕ್ಕೆಂದು ಹುಟ್ಟಿದ ವಾದ್ಯ ಹೀಗೆ ಒಂಟಿ ಎಳೆಯ ರಾಗಕ್ಕೆ ಬಂದು ನಿಂತಿತು.

ತೊಡಕು ಮಾತ್ರ ಉಳಿಯಿತು. ಪೇಟಿಯ ಪ್ರತಿ ಸ್ವರವೂ ಹಿತ್ತಾಳೆಯ ರೀಡಿನಲ್ಲಿ ಸ್ಥಿರ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಹೊರಡದು. ದರ್ಬಾರಿ ರಾಗದ ಕೋಮಲ ಗಾಂಧಾರದ ಮೆಲ್ಲನೆಯ ತೂಗಾಟವಾದ ಆಂದೋಲನವೂ ಸಿಗದು. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಶ್ರುತಿ ರಾಗದ ಸೂಕ್ಷ್ಮ ಸ್ಥಾನಗಳಿಗೆ ಹೊಂದುವುದಿಲ್ಲ.

ಕಂಪನಿ ನಾಟಕದ ರಂಗ

ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದ್ದು 1870ರ ದಶಕದಲ್ಲಿ. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಗದಗನ್ನೇ ನೆಲೆ ಮಾಡಿಕೊಂಡಿತು. ಈ ವೃತ್ತಿರಂಗಭೂಮಿ ಬೆಳೆದಂತೆ ಪೇಟಿ ಅದರ ಮುಖ್ಯ ವಾದ್ಯವಾಯಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸಬಲ್ಲ ವಾದ್ಯ ಬೇಕಿತ್ತು. ಒಂದೇ ದೃಶ್ಯದಲ್ಲಿ ಒಬ್ಬ ನಟನ ಶ್ರುತಿ ಕಪ್ಪು ಎರಡು, ಇನ್ನೊಬ್ಬನದು ಬಿಳಿ ನಾಲ್ಕು ಆದರೆ ತಂತಿ ಬಿಗಿಯುತ್ತ ಕೂರಲು ಸಮಯವಿರಲಿಲ್ಲ. ಪೇಟಿಯಲ್ಲಿ ಬೆರಳು ಮನೆ ಬದಲಿಸಿದರೆ ಸಾಕು. ಪೇಟಿ ಮಾಸ್ತರರು ಹಾಡಿಗೆ ಸಾಥಿ ನೀಡುತ್ತಲೇ ನಟರಿಗೆ ಹಾಡು ಕಲಿಸುವವರೂ ಆದರು. ಮೀಂಡಿನ ಕೊರತೆಯನ್ನು ಮುಖ್ಯ ಸ್ವರಕ್ಕೆ ಸವರಿ ಹೋಗುವ ಕಣಸ್ವರಗಳ ಚುರುಕಿನಿಂದ, ತಿದಿಯ ಒತ್ತಡದ ಏರಿಳಿತದಿಂದ, ಗಾಯಕ ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ಎಳೆ ಹಿಡಿಯುವ ಜಾಣ್ಮೆಯಿಂದ ತುಂಬುವ ಕಲೆ ಇಂಥ ಸಾಥಿಯಲ್ಲೇ ಪಳಗಿತು.

ಪುಣ್ಯಾಶ್ರಮ

ನಾಟಕದ ರಂಗದ ನಂತರ ಪೇಟಿಗೆ ಎರಡನೆಯ ನೆಲೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು (1892–1944) ಊರೂರು ಸಂಚರಿಸುತ್ತ ನಡೆಸಿದ ಪಾಠಶಾಲೆ ಕೊನೆಗೆ ಇಲ್ಲಿ ನಿಂತಿತು. ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಗಾಯನದ ಜೊತೆಗೆ ಪೇಟಿ, ತಬಲಾ, ವಾಯಲಿನ್, ಸಾರಂಗಿಗಳಲ್ಲಿ ಪಳಗಿದವರು. ಗುರುಶಿಷ್ಯರಿಬ್ಬರೂ ಅಂಧರು, ಅಂಧ ಮಕ್ಕಳಿಗೆ ಸಂಗೀತ ಕೊಟ್ಟು ಬದುಕು ಕಟ್ಟಿಕೊಟ್ಟ ಸಂಸ್ಥೆ ಅದು. ಪ್ರತಿ ಸ್ವರಕ್ಕೂ ಕದಲದ ಮನೆಯಿರುವುದು ಕಣ್ಣಿಲ್ಲದ ವಿದ್ಯಾರ್ಥಿಯ ಬೆರಳಿಗೆ ನೆರವಾಯಿತೆಂಬುದು ನನ್ನ ತರ್ಕ. ವಿದ್ವಾಂಸರು ದೋಷವೆಂದ ಸ್ಥಿರತೆಯೇ ಇಲ್ಲಿ ಊರುಗೋಲಾಯಿತು.

ಬಾನುಲಿಯ ನಿಷೇಧ

ಪೇಟಿಯ ವಿರುದ್ಧದ ವಾದವೂ ಪ್ರಬಲವಾಗಿತ್ತು. ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಜಾನ್ ಫೌಲ್ಡ್ಸ್ 1938ರಲ್ಲಿ ಅದನ್ನು ಕಟುವಾಗಿ ಟೀಕಿಸಿದರು. ರವೀಂದ್ರನಾಥ ಠಾಕೂರರೂ ಅದನ್ನು ಹೊರಗಿಡಬೇಕೆಂದರು. 1940ರ ಮಾರ್ಚ್‌ನಿಂದ ಆಕಾಶವಾಣಿ ಪೇಟಿಯನ್ನು ನಿಷೇಧಿಸಿತು. ಧಾರವಾಡ ಕೇಂದ್ರ 1950ರಲ್ಲಿ ಆರಂಭವಾದಾಗಲೂ ಈ ನಿಯಮ ಜಾರಿಯಲ್ಲಿತ್ತು. ಹೀಗಾಗಿ ಸೀಮೆಯ ನಾಟಕದ ಪರದೆಯ ಮುಂದೆ, ಭಜನೆಯ ಕಟ್ಟೆಯ ಮೇಲೆ, ಆಶ್ರಮದ ಪಾಠದಲ್ಲಿ ದಿನವೂ ಕೇಳುತ್ತಿದ್ದ ದನಿ ಅದೇ ಸೀಮೆಯ ಬಾನುಲಿಯಲ್ಲಿ ಕೇಳದಂತಾಯಿತು. ಸಾಥಿಗೆ ಅವಕಾಶ ದೊರೆತದ್ದು 1971ರಲ್ಲಿ. ಸ್ವತಂತ್ರ ವಾದನಕ್ಕೆ ಮುಂದೆಯೂ ಬಹುಕಾಲ ಬಾಗಿಲು ತೆರೆಯಲಿಲ್ಲ.

ಆ ನಡುವೆಯೂ ಕಛೇರಿಗಳಲ್ಲಿ ಪ್ರಯೋಗ ನಿಲ್ಲಲಿಲ್ಲ. ಕಾಗವಾಡದಲ್ಲಿ 1917ರಲ್ಲಿ ಜನಿಸಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ಬಿಜಾಪುರೆ ದೊಡ್ಡ ಗಾಯಕರಿಗೆ ಸಾಥಿ ನೀಡಿದಂತೆಯೇ ಪೇಟಿಯನ್ನು ಸ್ವತಂತ್ರ ವಾದ್ಯವಾಗಿಯೂ ನುಡಿಸಿ ಶಿಷ್ಯಪರಂಪರೆಯನ್ನು ಬೆಳೆಸಿದರು.

ಉಪಸಂಹಾರ

ಈ ಪ್ರಯೋಗಕ್ಕೆ ಬೆಲೆಯೂ ತೆರಬೇಕಾಯಿತು. ಗಾಯಕನ ಮಗ್ಗುಲಲ್ಲಿ ಸಾರಂಗಿಗಿದ್ದ ಜಾಗ ಕಿರಿದಾಯಿತು. ಹೊಸಬರ ಕಿವಿ ಸಮಪಾಲಿನ ಶ್ರುತಿಗೆ ಒಗ್ಗಿತು. ಟೀಕಾಕಾರರ ಆತಂಕದಲ್ಲಿ ಹುರುಳಿತ್ತು. ಆದರೆ ಅವರು ತೂಗಿದ್ದು ವಾದ್ಯವನ್ನು. ಅದನ್ನು ನುಡಿಸುವ ಕೈಗಳು ಕಲಿತದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವಾದ್ಯವೊಂದು ರೂಢಿಯಾಗುವುದು ಶಾಸ್ತ್ರದ ಅಪ್ಪಣೆಯಿಂದಲ್ಲ, ನುಡಿಸುವವರೂ ಕೇಳುವವರೂ ಕೂಡಿ ಮಾಡುವ ದೀರ್ಘ ಸಾಧನೆಯಿಂದ ಎಂಬುದಕ್ಕೆ ಗದಗ ಸೀಮೆ ಸಾಕ್ಷಿ. ಈ ಚರಿತ್ರೆ ಪೂರ್ಣವಾಗಬೇಕಾದರೆ ಹೆಸರಾಂತ ಕಲಾವಿದರಾಚೆಗೆ ನೋಡಬೇಕು. ಈ ಸೀಮೆಯ ಹಿರೇಹಂದಿಗೋಳದಂಥ ಊರುಗಳಿಗೆ ಹೋಗಿ ಹಳೆಯ ಪೇಟಿಗಳ ಶ್ರುತಿಯನ್ನು ಅಳೆದು, ಭಜನೆಗೆ ಸಾಥಿ ನೀಡುವ ಹಿರಿಯರ ಬೆರಳಿನ ಕ್ರಮವನ್ನು ಅವರಿರುವಾಗಲೇ ಧ್ವನಿಮುದ್ರಿಸಿಕೊಳ್ಳುವುದು ಸಂಶೋಧಕರ ಮುಂದಿರುವ ತುರ್ತು ಕೆಲಸ.